ಕೀಲೆಣ್ಣೆ

ಕಾರು ಅಂಗಳದಲ್ಲಿ ನಿಂತಲ್ಲೇ ಕಿರುಚುತ್ತಿತ್ತು. ಒಳಕೋಣೆಯಲ್ಲಿ ಶೀಲಾವತಿಯ ಮೈ ಮತ್ತೊಮ್ಮೆ ಬಿಲ್ಲಿನಂತೆ ಬಾಗಿತು. ಡಾಕ್ಟರು ಕಿಟಕಿಯಿಂದ ಕೈ ಬೀಸಿದರು. ಡ್ರೈವರ್ ಕೆರಿಯಪ್ಪ ಓಡಿಬಂದು ಎಂಜಿನ್ ಆರಿಸಿದ.

ಹನ್ನೆರಡು ವರ್ಷದ ಹುಡುಗಿ. ವಾರದ ಹಿಂದೆ ಅಂಗಾಲಿಗೆ ತುಕ್ಕು ಮೊಳೆ ಹೊಕ್ಕಿತ್ತು. ಈಗ ಧನುರ್ವಾಯು. ಅದಕ್ಕೆ ಬೇಕಾದ ಇಂಜೆಕ್ಷನ್ ತೀರ್ಥಹಳ್ಳಿಯಲ್ಲಿ ಇರಲಿಲ್ಲ, ಶಿವಮೊಗ್ಗದಲ್ಲಿತ್ತು. ಮಧ್ಯಾಹ್ನದೊಳಗೆ ಮುಟ್ಟಿಸಿದರೆ ಉಳಿಯಬಹುದು ಎಂದು ಡಾಕ್ಟರು ಅವಳ ತಂದೆ ಜಿನದತ್ತಯ್ಯನಿಗೆ ಹೇಳಿದ್ದರು. ಆದರೆ ಚೂಪು ಸದ್ದು ಕಿವಿಗೆ ಬೀಳಕೂಡದು. ಬೆಚ್ಚಿದಾಗಲೆಲ್ಲ ಮೈ ಸೆಟೆಯುತ್ತದೆ, ಹಾಗೆ ಸೆಟೆದಾಗ ಒಮ್ಮೆ ಉಸಿರೇ ನಿಲ್ಲಬಹುದು. ಎಂಜಿನ್ನಿನ ಗುರುಗುರು ಸದ್ದಿಗೆ ಹುಡುಗಿ ಬೆಚ್ಚುತ್ತಿರಲಿಲ್ಲ. ಈ ಕಿರುಚಾಟಕ್ಕೆ ಬೆಚ್ಚುತ್ತಿದ್ದಳು.

ಓಡುವಾಗ ಕಾರು ಕಿರುಚುತ್ತಿರಲಿಲ್ಲ, ನಿಂತಾಗ ಮಾತ್ರ. ಆದರೆ ದಾರಿಯುದ್ದಕ್ಕೂ ದನ, ಗಾಡಿ ಅಡ್ಡ ಬರುತ್ತವೆ. ಒಮ್ಮೆ ಆರಿಸಿದರೆ ಹ್ಯಾಂಡಲ್ ಹಾಕಿ ಮತ್ತೆ ಚಾಲೂ ಮಾಡಲು ಕಾಲು ಗಂಟೆ. ಹೊರಡುವ ಮೊದಲೇ ಸದ್ದು ನಿಲ್ಲಿಸಬೇಕಿತ್ತು.

ಕೆರಿಯಪ್ಪ ಆ ಮನೆಯ ಎತ್ತಿನ ಗಾಡಿಯನ್ನು ಹದಿನೆಂಟು ವರ್ಷ ಹೊಡೆದವನು. ಕಾರು ಕಲಿತು ಏಳು ತಿಂಗಳಾಗಿತ್ತು. ಆಳುಗಳಿಂದ ಕಾರನ್ನು ರಸ್ತೆಯ ಆಚೆಯವರೆಗೆ ತಳ್ಳಿಸಿ, ಅಲ್ಲಿ ಚಾಲೂ ಮಾಡಿ, ಬಾನೆಟ್ ಎತ್ತಿದ. ಒಂದು ಕೋಲಿನ ತುದಿಯನ್ನು ಕಿವಿಗೆ ಒತ್ತಿಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಅಲ್ಲಲ್ಲಿ ಮುಟ್ಟಿಸುತ್ತ ಬಂದ. ಮುಂದುಗಡೆ, ಫ್ಯಾನಿನ ಗಾಲಿಯ ಮೇಲೆ ರಬ್ಬರ್ ಬೆಲ್ಟು ಹಾದುಹೋಗುವ ಕಡೆ ಸದ್ದು ಜೋರಾಯಿತು. ಗಾಲಿ ಕಿರುಚಿದರೆ ಎಣ್ಣೆ ಆರಿದೆ ಎಂದು ಅರ್ಥ. ಅದು ಅವನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತಿನ ಗಾಡಿಯ ಅಡಿಯಲ್ಲಿ ತೂಗುಹಾಕಿದ್ದ ಕೀಲೆಣ್ಣೆಯ ಬಿದಿರುಗೊಟ್ಟ ಬಿಚ್ಚಿ ತಂದ. ಗಾಲಿಗೂ ಬೆಲ್ಟಿಗೂ ಧಾರಾಳವಾಗಿ ಸವರಿದ.

ಸದ್ದು ಥಟ್ಟನೆ ನಿಂತಿತು. ಡಾಕ್ಟರೇ ಬಂದು ಕೇಳಿಸಿಕೊಂಡು ತಲೆಯಾಡಿಸಿದರು. ಜಿನದತ್ತಯ್ಯ ಆಳುಗಳನ್ನು ಹೊಗಳುವ ಮನುಷ್ಯನಲ್ಲ; ಆ ದಿನ ಕೆರಿಯಪ್ಪನ ಬೆನ್ನು ತಟ್ಟಿದ. ತಾಯಿ ಪ್ರಭಾವತಿ ಹುಡುಗಿಯ ಕಿವಿಗೆ ಹತ್ತಿ ತುಂಬಿ, ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಒಂಬತ್ತು ಗಂಟೆಗೆ ಹೊರಟರು.

ಐದಾರು ಮೈಲಿಗೆ ಎಂಜಿನ್ ಕುದಿಯಿತು. ಕಾದು, ತುಂಗೆಯಿಂದ ನೀರು ತಂದು ಹಾಕಿದರು. ಮುಂದೆ ಎರಡು ಮೈಲಿಗೆ ಮತ್ತೆ ಕುದಿಯಿತು. ಜೈನರ ಆ ಮನೆಯಲ್ಲಿ ಸೋಸದ ನೀರನ್ನು ಯಾವುದಕ್ಕೂ ಬಳಸುವ ಪದ್ಧತಿಯಿಲ್ಲ. ಕೆರಿಯಪ್ಪ ರೇಡಿಯೇಟರಿಗೂ ಬಟ್ಟೆಯಲ್ಲಿ ಸೋಸಿಯೇ ಹಾಕುತ್ತಿದ್ದ. ಮೂರನೆಯ ಸಲ ಅವನು ಸೋಸಲಿಲ್ಲ. ಜಿನದತ್ತಯ್ಯ ನೋಡಿಯೂ ತಡೆಯಲಿಲ್ಲ. ಮಂಡಗದ್ದೆಗೆ ಮೊದಲಿನ ಏರಿನಲ್ಲಿ ಕಾರು ಪೂರ್ತಿ ನಿಂತುಬಿಟ್ಟಿತು. ಹನ್ನೆರಡು ದಾಟಿತ್ತು. ಸದ್ದೇನೂ ಇಲ್ಲವಲ್ಲ, ಮತ್ತೆ ಕೆಟ್ಟಿರುವುದು ಏನು ಎಂದು ಕೆರಿಯಪ್ಪ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಲೇ ಇದ್ದ.

ಶಿವಮೊಗ್ಗದ ಕಡೆಯಿಂದ ಬಸ್ಸು ಬಂತು. ಡ್ರೈವರ್ ಹೇರಂಬ ಸಂಗತಿ ಕೇಳಿ, ಜನರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಇಳಿದ. ಬಾನೆಟ್ಟಿನೊಳಗೆ ಕೈ ಹಾಕಿ ಫ್ಯಾನನ್ನು ಬೆರಳಿನಿಂದ ತಿರುಗಿಸಿದ. ಬೆಲ್ಟು ಕದಲಲಿಲ್ಲ, ಫ್ಯಾನು ಮಾತ್ರ ಸಲೀಸಾಗಿ ತಿರುಗಿತು. ಬೆರಳು ಮೂಸಿ ನೋಡಿದ.

"ಇದಕ್ಕೆ ಎಣ್ಣೆ ಹಾಕಿದ ಪುಣ್ಯಾತ್ಮ ಯಾರು ಮಾರಾಯ?"

"ನಾನೇ. ಕಿರುಚ್ತಿತ್ತು," ಎಂದ ಕೆರಿಯಪ್ಪ.

"ಬೆಲ್ಟು ಸಡಿಲ ಆಗಿತ್ತು, ಅದಕ್ಕೆ ಕಿರುಚಿದ್ದು. ಎಣ್ಣೆ ಹಾಕಿದ್ರೆ ಪೂರಾ ಜಾರ್ತದೆ. ಅದು ಜಾರಿದ್ರೆ ಫ್ಯಾನೂ ತಿರುಗಲ್ಲ, ಒಳಗಿನ ನೀರೂ ತಿರುಗಲ್ಲ. ಕುದೀದೆ ಏನ್ ಮಾಡ್ತದೆ?"

ಎಷ್ಟು ಹೊತ್ತಿನ ಕೆಲಸ ಎಂದು ಜಿನದತ್ತಯ್ಯ ಕೇಳಿದ. ಹೇರಂಬ ಅಷ್ಟರಲ್ಲಿ ಪೆಟ್ರೋಲ್ ಬಟ್ಟೆಯಿಂದ ಬೆಲ್ಟು ಒರೆಸಿದ್ದ. ಒಂದು ಬೋಲ್ಟು ಸಡಿಲಿಸಿ, ಡೈನಮೋವನ್ನು ಸಲಾಕೆಯಿಂದ ಮೀಟಿ ಬೆಲ್ಟು ಬಿಗಿಮಾಡಿ, ಬೋಲ್ಟು ತಿರುಗಿಸಿದ.

"ಆಯ್ತು," ಎಂದ.

ಜಿನದತ್ತಯ್ಯ ಕೆರಿಯಪ್ಪನ ಮುಖ ನೋಡಲಿಲ್ಲ.

ಎಂಜಿನ್ ತಣಿದ ಮೇಲೆ ಹೇರಂಬನೇ ನೀರು ತುಂಬಿಸಿ ಹ್ಯಾಂಡಲ್ ಹಿಡಿದ. ಬೆಲ್ಟು ಸವೆದಿದೆ, ಚಾಲೂ ಆದಾಗ ಕೊಂಚ ಹೊತ್ತು ಕಿರುಚುತ್ತದೆ, ಹುಡುಗಿಯನ್ನು ಹಿಡಿದುಕೊಳ್ಳಿ ಎಂದು ಎಚ್ಚರಿಸಿದ. ಕೆರಿಯಪ್ಪ ಹಿಂದಿನ ಬಾಗಿಲಿಗೆ ಬಂದು ಹತ್ತಿಯ ಮೇಲೆ ಕೈಯನ್ನೂ ಮುಚ್ಚಿಕೊಳ್ಳಲು ಪ್ರಭಾವತಿಗೆ ಹೇಳಿದ.

"ಸಣ್ಣಗೆ ಹೇಳು. ಈಗಷ್ಟೇ ನಿದ್ದೆ ಬಂದಿದೆ ಅದಕ್ಕೆ," ಎಂದಳು ಪ್ರಭಾವತಿ. "ಆಗಿಂದ ಒಂದ್ಸಲನೂ ಸೆಟೀಲಿಲ್ಲ."

ಎಂಜಿನ್ ಚಾಲೂ ಆಯಿತು. ಬೆಲ್ಟು ಬೆಳಿಗ್ಗೆಗಿಂತ ಗಟ್ಟಿಯಾಗಿ ಕಿರುಚಿತು. ಕೆರಿಯಪ್ಪ ಕಣ್ಣು ಮುಚ್ಚಿ, ಮತ್ತೆ ತೆರೆದು ನೋಡಿದ. ಜಿನದತ್ತಯ್ಯನೂ ಮುಂದಿನ ಸೀಟಿನಿಂದ ತಿರುಗಿ ನೋಡುತ್ತಿದ್ದ. ಹುಡುಗಿಯ ಮೈ ಬಾಗಲಿಲ್ಲ. ಕಾಲಿನ ಬೆರಳೂ ಅಲುಗಲಿಲ್ಲ.

ಕೆರಿಯಪ್ಪ ಎಂಜಿನ್ ಆರಿಸಲು ಮುಂದೆ ಬಗ್ಗಿದ. ಪ್ರಭಾವತಿ ಮಗಳ ಕಿವಿಗಳಿಂದ ಹತ್ತಿಯನ್ನು ಕಿತ್ತು ಹೊರಗೆ ಎಸೆದಳು.

"ನಿಲ್ಲಿಸ್ಬೇಡ ಕೆರಿಯಪ್ಪ," ಎಂದಳು. "ಇನ್ನೂ ಕಿರುಚ್ಲಿ."