ಕಾರ್ಬನ್ ಸವೆದದ್ದು ಯಾಕೆ

ಕೀಲಿ ತಿರುವಿದಾಗ ಹತ್ತಿ, ಎಂಜಿನ್ ಶುರುವಾದೊಡನೆ ಆರಬೇಕಾದ ಚಾರ್ಜಿಂಗಿನ ಕೆಂಪು ದೀಪ ಅಂಬಾದಾಸನ ಬಾಡಿಗೆ ಕಾರಿನಲ್ಲಿ ನಿಲಂಗಾದಿಂದ ಉಮರಗಾವರೆಗೂ ಆರಲೇ ಇಲ್ಲ. ಎಲೆಕ್ಟ್ರಿಷಿಯನ್ ಮನ್ಮಥಪ್ಪ ಬಾನೆಟ್ ಎತ್ತಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬಿಗಿಯಾಗಿಯೇ ಇತ್ತು. ಡೈನಮೋ ಬಿಚ್ಚಿ, ಒಳಗಿನ ಎರಡು ಕಾರ್ಬನ್ ತುಂಡುಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ಸವೆದು ಕಡಲೆಬೇಳೆಯಷ್ಟಾಗಿದ್ದವು.

“ಒಂದ ವರ್ಷದಾಗ ಇದು ಮೂರನೇ ಸಲ. ಮಂದಿ ಗಾಡ್ಯಾಗ ಎಷ್ಟೋ ವರ್ಷ ಬರ್ತಾವ ಇವು. ನಿನ್ನ ಬ್ಯಾಟ್ರಿ ದಿನಾ ಮುಂಜಾನಿ ಖಾಲಿ ಇರ್ತದ. ಅದನ್ನ ತುಂಬಿಸಿ ತುಂಬಿಸಿ ಡೈನಮೋ ಸಾಯ್ಲಕತ್ತದ.”

“ಎಲ್ಲೋ ವಾಯರ್ ಲೀಕ್ ಇರಬೇಕಣ್ಣಾ.”

ಮನ್ಮಥಪ್ಪ ಎಲ್ಲ ಸ್ವಿಚ್ಚು ಆರಿಸಿ, ಬ್ಯಾಟರಿಯ ಒಂದು ವಾಯರ್ ಕಳಚಿ, ನಡುವೆ ಒಂದು ಬಲ್ಬು ಹಿಡಿದ. ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಅದು ಮಿಣುಕಬೇಕು. ಮಿಣುಕಲಿಲ್ಲ.

“ವಾಯರ್ ಎಲ್ಲಾ ಛಲೋ ಅವ. ರಾತ್ರಿ ಯಾರೋ ದೀಪ ಹಚ್ಚಿ ಬಿಡ್ಲಕತ್ತಾರ.”

ಅಂಬಾದಾಸ ಎದುರಿನ ಚಹಾದಂಗಡಿಯತ್ತ ಕಣ್ಣು ಹಾಯಿಸಿದ. ಟ್ಯಾಕ್ಸಿ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು ಅಲ್ಲೇ ಕೂತಿದ್ದರು. ಸ್ಟ್ಯಾಂಡಿನಲ್ಲಿ ಅವನ ಬಾಯಿ ದೊಡ್ಡದು. ಭೂಕಂಪವಾಗಿ ನಾಲ್ಕು ವರ್ಷವಾದರೂ ಅಂಗಳದಲ್ಲೇ ಹಾಸಿಗೆ ಹಾಸುವವರನ್ನು ಅವನಷ್ಟು ಗೇಲಿ ಮಾಡಿದವರಿಲ್ಲ. ‘ಆಕಾಶಕ್ಕೂ ಒಂದು ಖಾಂಬಾ ನಿಲ್ಲಿಸ್ರಿ, ಬಿದ್ದಗಿದ್ದೀತು’ ಎಂದು ಎಲ್ಲರನ್ನೂ ನಗಿಸುತ್ತಿದ್ದ. ಈಗ ಬಾಯಿಬಿಟ್ಟರೆ ನಾಳೆಯಿಂದ ನಗೆಪಾಟಲು ತಾನೇ. ಬಿಡದಿದ್ದರೆ ಗಾಡಿ ಉಳಿಯುವುದಿಲ್ಲ.

“ನಾನೇ ಹಚ್ಚತೀನಿ,” ಎಂದ, ದನಿ ತಗ್ಗಿಸಿ. “ಗಾಡ್ಯಾಗೇ ಮಲ್ಕೋತೀನಣ್ಣಾ. ಮುಂದಿನ ಸಣ್ಣ ದೀಪ ಮನಿ ಗ್ವಾಡಿ ಮ್ಯಾಲ ಬಿಟ್ಟಿರ್ತೀನಿ. ಕಣ್ಣ ತೆರದಾಗೆಲ್ಲಾ ಗ್ವಾಡಿ ನಿಂತದೋ ಇಲ್ಲೋ ಕಾಣಬೇಕು. ಕತ್ತಲದಾಗ ಅದು ಸರದಂಗ ಅನ್ನಸ್ತದ.”

“ಯಾವಾಗಿಂದ?”

“ಹೊಸ ಮನಿಗಿ ಹೋದಾಗಿಂದ. ವರ್ಷ ಆಯ್ತು.”

ಮನ್ಮಥಪ್ಪ ನಗಲಿಲ್ಲ. ಹೊಸ ಕಾರ್ಬನ್ ಕೂರಿಸುತ್ತಲೇ ಕೇಳಿದ, “ಆ ಗ್ವಾಡಿ ಹಿಂದ ಯಾರ ಮಲ್ಕೋತಾರ?”

“ಜಗದೇವಿ. ಹೊಸ ಮನಿ ಖಾಲಿ ಬಿಡಬಾರದಂತ ನನ್ನ ಹೇಣ್ತಿ ಒಳಗೇ ಇರ್ತಾಳ.”

“ಭೂಕಂಪ ಆದ ರಾತ್ರಿ ನೀ ಎಲ್ಲಿದ್ದಿ?”

“ಉದಗೀರಕ್ಕ ಬಾಡಿಗಿ ಹೋಗಿದ್ದೆ. ಇದೇ ಗಾಡ್ಯಾಗ.”

“ಅಂದ್ರ ಹಳೇ ಮನಿ ಗ್ವಾಡಿ ಬಿದ್ದಿದ್ದು ಆಕಿ ಮ್ಯಾಲ. ಆಕಿಗಿ ಅಂಜಿಕಿ ಇಲ್ಲೇನು?”

ಆ ರಾತ್ರಿ ಕಳೆದು ಮಧ್ಯಾಹ್ನವಾದಾಗ ಊರವರು ಜಗದೇವಿಯನ್ನು ಕಲ್ಲಿನಡಿಯಿಂದ ಎಳೆದು ತೆಗೆದಿದ್ದರು; ಪಕ್ಕದಲ್ಲೇ ಮಲಗಿದ್ದ ಅಂಬಾದಾಸನ ಅವ್ವ ಉಳಿಯಲಿಲ್ಲ. ಇದನ್ನೆಲ್ಲ ಅವನು ಎಷ್ಟೋ ಪ್ಯಾಸೆಂಜರುಗಳಿಗೆ ದಾರಿಯುದ್ದಕ್ಕೂ ಹೇಳಿದ್ದಾನೆ. ಹೆಂಡತಿಯನ್ನು ಮಾತ್ರ ಒಂದು ಸಲವೂ ಕೇಳಿರಲಿಲ್ಲ. ಕೇಳಿಲ್ಲವೆಂಬುದು ಹೊಳೆದದ್ದೂ ಇವತ್ತೇ. ಅವನಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

ಎಂಜಿನ್ ಶುರುವಾದಾಗ ಕೆಂಪು ದೀಪ ಆರಿತು. ಅಂಬಾದಾಸ ಸ್ಟ್ಯಾಂಡಿಗೆ ಹೋಗದೆ ನೆಟ್ಟಗೆ ಊರ ದಾರಿ ಹಿಡಿದ. ಜಗದೇವಿ ಬಾಗಿಲ ಮುಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಗಲು ಹೊತ್ತಿನಲ್ಲಿ ಬಂದ ಗಂಡನನ್ನು ನೋಡಿ ಗಾಬರಿಯಾದಳು.

“ಯಾಕ್ರಿ, ಗಾಡಿ ಕೆಟ್ಟದೇನು?”

“ಇಲ್ಲ, ರಿಪೇರಿ ಆಯ್ತು.” ಅವನು ಮೆಟ್ಟಿಲ ಮೇಲೆ ಕೂತ. ಚಪ್ಪಲಿ ಬಿಚ್ಚಿದ, ಮತ್ತೆ ಹಾಕಿಕೊಂಡ. ಕೇಳುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. “ರಾತ್ರಿ ಒಳಗ ಒಬ್ಬಾಕೇ ಮಲ್ಕೋತಿ. ಅಂಜಿಕಿ ಬರಲ್ಲೇನು?”

ಜೋಳದ ಮೇಲಿನ ಕೈ ನಿಂತಿತು. ಜಗದೇವಿ ಮುಖ ಎತ್ತಲಿಲ್ಲ.

“ನಿಮ್ಮ ಗಾಡಿ ದೀಪ ಕಿಟಕ್ಯಾಗ ಕಾಣೋತನ ಬರಲ್ರಿ,” ಎಂದಳು. “ನಸುಕಿನ್ಯಾಗ ಅದು ಆರತದಲ್ಲ, ಆಮ್ಯಾಲ ಎದ್ದು ಬಾಗಿಲ ಹಿಂದ ಕುಂಡ್ರತೀನಿ. ನೀವು ಏಳೋತನ.”