ದೇವರೇ ಬಂದರೂ

ದೂರದ ಡೇಟಾ ಸೆಂಟರಿನಲ್ಲಿದ್ದ ಫಲಿತಾಂಶದ ಸರ್ವರ್‌ನ ಪಾಸ್‌ವರ್ಡ್, ವಿಶ್ವವಿದ್ಯಾಲಯದ ಕ್ಯಾಂಟೀನಿನವರಿಗೂ ಬಾಯಿಪಾಠವಾಗಿತ್ತು. ಹೊಸ ತಂತ್ರಜ್ಞ ವಾದಿರಾಜ ಇಲ್ಲಿಂದಲೇ ಅದರೊಳಗೆ ಹೋಗಿ, ಪಾಸ್‌ವರ್ಡಿನ ದಾರಿಯನ್ನೇ ಮುಚ್ಚಿ, ಹೊಸದಾಗಿ ಮಾಡಿದ ಡಿಜಿಟಲ್ ಕೀಲಿ ಇದ್ದವರಿಗಷ್ಟೇ ಬಾಗಿಲು ತೆರೆಯುವಂತೆ ಮಾಡಿದ. ಲಾಗೌಟ್ ಆಗಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

"ಇನ್ನು ಕಂಡಕಂಡೋರು ಒಳಗೆ ನುಗ್ಗೋಕಾಗಲ್ವಾ?" ಕುಲಸಚಿವರು ಕೇಳಿದರು.

"ದೇವರೇ ಬಂದ್ರೂ ಆಗಲ್ಲ ಸಾರ್."

"ಶಹಬ್ಬಾಸ್! ಈಗ ರಿಸಲ್ಟ್ ಫೈಲನ್ನ ಅಲ್ಲಿಂದ ನಮ್ಮ ಸರ್ವರ್‌ಗೆ ಎಳ್ಕೊಳ್ಳಿ. ಹುಡುಗ್ರು ಗೇಟ್ ಮುರಿಯೋ ಹಾಗಿದಾರೆ."

ವಾದಿರಾಜ ಕೀಬೋರ್ಡಿನ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು.

"ಏನ್ರೀ, ಕೀಲಿ ಕಳೆದು ಹಾಕಿದ್ರಾ?"

"ಛೆ ಛೆ, ಭದ್ರವಾಗಿದೆ ಸಾರ್. ಆ ಸರ್ವರ್ ಒಳಗೇ ಇಟ್ಟಿದೀನಿ."