ಮಾಸ್ತರರ ಬಡಿಗತನ

ಮೊದಲನೆಯ ಸ್ಕ್ರೂ ಓರೆಯಾಗಿ ಹೋಯಿತು. ಎರಡನೆಯದು ಅರ್ಧ ಇಳಿದು ಅಲ್ಲೇ ನಿಂತಿತು. ಮೂರನೆಯದರ ಹೊತ್ತಿಗೆ ಪಂಢರೀನಾಥ ಮಾಸ್ತರರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮೂವತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಕೈ ಅದು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದಿತ್ತು.

"ಬಿಡ್ರಿ ಮಾಸ್ತರ್ರ, ನಾಳೆ ಬಡಿಗೇರನ್ನ ಕರಸ್ತೇನಿ," ಎಂದರು ಮಾಬುಬಿ, ತಮ್ಮ ಮನೆಯ ಕಟ್ಟೆಯ ಮೇಲೆ ಬಳ್ಳೊಳ್ಳಿ ಸುಲಿಯುತ್ತ.

"ಇಷ್ಟಕ್ಕ ಬಡಿಗೇರ ಯಾಕ್ರಿ ಅಕ್ಕಾರ? ಬಾಜೂ ಮನಿಯಾಂವ ಇಷ್ಟೂ ಮಾಡಬಾರದೇನು?"

ಮಾಸ್ತರರು ತಲೆ ಎತ್ತದೆ ಅಂದರು. ಎತ್ತಿದರೆ ಆಕೆಯ ಮುಖ ನೋಡಬೇಕಾಗುತ್ತಿತ್ತು.

ಮಾಬುಬಿ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬಾಗಲಕೋಟೆಯ ನವನಗರದ ಈ ಸಾಲಿನಲ್ಲಿ ಹದಿನೆಂಟು ವರ್ಷದಿಂದ ಇಬ್ಬರದೂ ಅಕ್ಕಪಕ್ಕದ ಮನೆ. ಮಾಸ್ತರರು ಅಂಗಳಕ್ಕೆಲ್ಲ ಇಳಕಲ್ಲಿನ ಕೆಂಪು ಕಲ್ಲು ಹಾಸಿಸಿದ್ದರು. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಮಾಬುಬಿಯ ಮನೆಯ ಮಗ್ಗುಲಲ್ಲಿ ಮಾತ್ರ ದುಂಡುಮಲ್ಲಿಗೆ, ಕಣಗಿಲೆ, ದಾಸವಾಳ ತುಂಬಿದ ತೋಟ. ಅದಕ್ಕೆ ಸೊಂಟದೆತ್ತರದ ಕಟ್ಟಿಗೆಯ ಗೇಟು.

ಆ ಗೇಟನ್ನು ಅಂದು ನಸುಕಿನಲ್ಲಿ ಮುರಿದವರು ಸ್ವತಃ ಮಾಸ್ತರರೇ.

ಮೂರು ವರ್ಷದಿಂದ ಅವರ ದೇವರಿಗೆ ಈ ತೋಟದ್ದೇ ಹೂವು. ಸ್ನಾನ ಮಾಡಿ, ಮಡಿ ಉಟ್ಟು, ಯಾರೊಂದಿಗೂ ಮಾತಾಡದೆ ಹೋಗಿ ಬಿಡಿಸಿ ತರುತ್ತಿದ್ದರು. ಚಿಲಕ ತೆಗೆದರೆ ಕಿರ್ರ್ ಅನ್ನುತ್ತದೆ, ಮನೆಯವರು ಎದ್ದಾರು ಎಂಬ ಹೆದರಿಕೆ. ಅದಕ್ಕೇ ನಡುವಿನ ಪಟ್ಟಿಯ ಮೇಲೆ ಕಾಲಿಟ್ಟು ಗೇಟು ಹತ್ತಿ ದಾಟುತ್ತಿದ್ದರು. ಹೆಂಡತಿ ಭಾಗೀರಥೀಬಾಯಿ ಗೊಣಗಿದರೆ, "ಕದ್ದ ಹೂವಂದ್ರ ದೇವರಿಗೆ ಪ್ರೀತಿ," ಎಂದು ನಗಾಡುತ್ತಿದ್ದರು. ಸಾಲೆಯಲ್ಲಿ ಪೆನ್ಸಿಲ್ ಕದ್ದವರಿಗೆ ಬೆತ್ತ ತೋರಿಸಿದ ಮನುಷ್ಯ! ಹೇಳುವುದು ಆಚಾರ, ಮಾಡುವುದು ಅನಾಚಾರ.

ಇವತ್ತು ಕಾಲಿಟ್ಟದ್ದೇ ತಡ, ಗೇಟು ಒಮ್ಮೆಲೇ ಒಳಕ್ಕೆ ತೆರೆದುಕೊಂಡಿತು. ಪಟ್ಟಿ ಸೀಳಿ, ಗೇಟನ್ನು ಕಂಬಕ್ಕೆ ಹಿಡಿದಿದ್ದ ಮೇಲಿನ ಬಿಜಾಗ್ರಿ ಕಿತ್ತು, ಮಾಸ್ತರರು ದಾಸವಾಳದ ಬುಡಕ್ಕೆ ಬಿದ್ದರು. ಮೊಣಕಾಲು ತರಚಿತು. ಹೂವಿನ ಮಾತು ಬಿಟ್ಟು ಮನೆಗೆ ಓಡಿದರು. ಹತ್ತು ಗಂಟೆಗೆ ಪ್ಯಾಂಟು ಹಾಕಿಕೊಂಡು, ಏನೂ ಅರಿಯದವರಂತೆ ಬಂದು, "ಅಯ್ಯ, ಗೇಟ್ ಮುರದದಲ್ರಿ! ನಾ ಮಾಡಿಕೊಡ್ತೇನಿ," ಎಂದರು. ಚಿಲಕ ಎಲ್ಲಿ ಸಿಡಿದು ಬಿದ್ದಿತ್ತೋ, ಗಿಡಗಳ ಬುಡವನ್ನೆಲ್ಲ ಹುಡುಕಿದರೂ ಸಿಗಲಿಲ್ಲ. ಪೇಟೆಗೆ ಹೋಗಿ ಹೊಸದು ತಂದರು.

ಮೊಬೈಲಿನ ವಿಡಿಯೋದಲ್ಲಿ ಎರಡು ನಿಮಿಷದ ಕೆಲಸ. ಮಾಸ್ತರರಿಗೆ ಎರಡು ತಾಸು ಹಿಡಿಯಿತು. ಮೊದಲು ಸಣ್ಣ ತೂತು ಕೊರೆಯಬೇಕು, ಸ್ಕ್ರೂಗೆ ಸಾಬೂನು ಸವರಬೇಕು ಎಂದು ತಿಳಿಯುವ ಹೊತ್ತಿಗೆ ಹೆಬ್ಬೆರಳು ಜಜ್ಜಿತ್ತು.

ಮಾಬುಬಿ ಬಾಳೆಹಣ್ಣು ತಂದು ಕೈಗೆ ಕೊಡದೆ ಗೋಡೆಯ ಮೇಲೆ ಇಟ್ಟು ದೂರ ಸರಿದರು. ಯಾವಾಗಲೂ ಹಾಗೆಯೇ. ಹದಿನೆಂಟು ವರ್ಷದಲ್ಲಿ ಮಾಸ್ತರರು ಈ ಮನೆಯ ಒಂದು ಲೋಟ ನೀರು ಕುಡಿದವರಲ್ಲ. ಭಾಗೀರಥೀಬಾಯಿ ಹಾಸಿಗೆ ಹಿಡಿದಾಗ ತಿಂಗಳುಗಟ್ಟಲೆ ಬಂದು ಇಂಜೆಕ್ಷನ್ ಕೊಟ್ಟದ್ದು ಇದೇ ಮಾಬುಬಿ. ಆಗಲೂ ಕುಡಿದಿರಲಿಲ್ಲ. ನೀರು ಬೇಡದ ಮನೆಯ ಹೂವು ಮಾತ್ರ ಬೇಕಾಯಿತಲ್ಲ ಎಂದು ಮಾಸ್ತರರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಕೇಳಿದ್ದರೆ ಕೊಡುತ್ತಿದ್ದರು. ಯಾವ ಬಾಯಿಂದ ಕೇಳುವುದು?

ಅಷ್ಟರಲ್ಲಿ ಮಾಬುಬಿಯ ಸೊಸೆ ಅಲೀಮಾ ಪೇಟೆಯಿಂದ ಮಲ್ಲಿಗೆ ಮಾಲೆ ಹಿಡಿದು ಬಂದಳು.

"ಗಿಡದ ತುಂಬ ಹೂ ಅದಾವಲ್ಲವಾ, ಕೊಂಡು ತಂದೀ?" ಮಾಸ್ತರರು ಬಾಯಿ ತಪ್ಪಿ ಕೇಳಿಬಿಟ್ಟರು.

"ಅತ್ತಿ ಅವನ್ನ ಮುಟ್ಟಗೊಡೂದಿಲ್ರಿ," ಎಂದು ನಕ್ಕು ಒಳಗೆ ಹೋದಳು.

ಮಾಸ್ತರರಿಗೆ ಅನುಮಾನ ಬಂತು. ಹೂವು ಕಡಿಮೆಯಾಗುವುದು ಇವರಿಗೆ ಗೊತ್ತಾಗಿದೆ, ಎಣಿಸಿಡುತ್ತಿದ್ದಾರೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಮೊಣಕಾಲು ಮುಟ್ಟಿಕೊಂಡರು. ಮಾಬುಬಿ ತೋಟದೊಳಗೆ ಕಾಲಿಡದೆ, ಕಟ್ಟೆಯ ಮೇಲಿಂದಲೇ ಪೈಪು ಹಿಡಿದು ಗಿಡಗಳಿಗೆ ನೀರು ಹಾರಿಸುತ್ತಿದ್ದರು.

ಉಳಿದದ್ದು ಚಿಲಕ.

"ಅದೊಂದು ಹಚ್ಚಬ್ಯಾಡ್ರಿ," ಎಂದರು ಮಾಬುಬಿ.

"ಚಿಲಕ ಇಲ್ಲಾಂದ್ರ ಕಳ್ಳರು ಬರ್ತಾರ್ರಿ."

"ಬರೋವ್ರು ಬರ್ಲಿ ಬಿಡ್ರಿ."

ಮಾಸ್ತರರು ಕೇಳಲಿಲ್ಲ. ಹಚ್ಚಿಯೇ ಬಿಟ್ಟರು. ಗೇಟು ತುಸು ವಾಲಿತ್ತು, ಆದರೂ ನಿಂತಿತು. ಮನೆಗೆ ಹೋಗಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾಳೆ ದೇವರ ಮುಂದೆ ಕೈಮುಗಿದು ಕೂರುವುದು ಹೇಗೆ?

"ಅಕ್ಕಾರ," ಅಂದರು ಮಾಸ್ತರರು, "ಗೇಟ್ ಮುರದಾಂವ ನಾನ. ಮೂರು ವರ್ಷ ಆತು, ದಿನಾ ನಿಮ್ಮ ಹೂ ಕದ್ದು ಒಯ್ತೇನಿ. ಏನರೆ ಅನ್ರಿ, ಕೇಳ್ತೇನಿ."

ಮಾಬುಬಿ ಪೈಪು ಕೆಳಗಿಟ್ಟರು. ನಗಲಿಲ್ಲ, ಸಿಟ್ಟಾಗಲಿಲ್ಲ. ಆಕೆಯ ಕಣ್ಣು ಮಾಸ್ತರರ ಮೊಣಕಾಲಿನ ಮೇಲಿತ್ತು.

"ಭಾಳ ಪೆಟ್ಟಾಗೇದೇನ್ರಿ? ತಪ್ಪು ನಂದ್ರಿ ಮಾಸ್ತರ್ರ. ನೀವು ಬರೂದು ಮೊದಲನೇ ದಿನದಿಂದ ನೋಡೇನಿ. ಮಡಿ ಕೆಡಬಾರದಂತ ಆ ಗಿಡಾ ನಾವ್ಯಾರೂ ಮುಟ್ಟೂದಿಲ್ಲ."

ಆಕೆ ಹೊಸ ಚಿಲಕದತ್ತ ಬೆರಳು ಮಾಡಿದರು.

"ನಾವು ಮುಟ್ಟಿದ ಚಿಲಕ ಮುಟ್ಟಬಾರದಂತ ಈ ವಯಸ್ಸಿನ್ಯಾಗ ಗೇಟ್ ಹತ್ತಿ ದಾಟ್ತೀರಲ್ಲ ಅಂತ ಜೀವ ತಡೀಲಿಲ್ಲ, ಕಾಲಿಲೆ ನೂಕಿದ್ರ ತೆರೀಲಿ ಅಂತ ನಿನ್ನೆ ಸಂಜೀಕ ಅದನ್ನ ಬಿಚ್ಚಿದಾಕಿ ನಾನ ರೀ."